ಹುಲಿಗೆವ್ವನ ಎಂಟು ತಿಂಗಳು

ಹುಲಿಗೆವ್ವ ನನ್ನ ಪಡಸಾಲೆಗೆ ಕಾಲಿಟ್ಟ ಕೂಡಲೇ ಮಾಡಿದ ಮೊದಲ ಕೆಲಸವೆಂದರೆ ತಲೆ ಎತ್ತಿ ಮೇಲೆ ನೋಡಿದ್ದು. ಹೆಂಚು ಇದೆಯೋ ಇಲ್ಲವೋ ಅಂತ. ಇದೆ ಅಂತ ಖಾತ್ರಿಯಾದ ಮೇಲೆ ಗೋಡೆ ಹಿಡಿದುಕೊಂಡು, ಎಡಗಾಲು ಮುಂದಕ್ಕೆ ಚಾಚಿ, ನಿಧಾನವಾಗಿ ಕೂತಳು. "ಅಕ್ಕಾರ, ನಾ ಎಲ್ಲಾ ಇಲ್ಲೇ ಒಳಗ ಹೇಳತೇನಿ. ಬಯಲಾಗ ಮಾತಾಡಿ ಮಾತಾಡಿ ಹಾಳಾಗೇನಿ" ಅಂದಳು.

ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಎರಡು ಮಾತು. ನಮ್ಮಲ್ಲಿ ಸೂರಿನ ಕೆಳಗೆ ಆಡಿದ ಮಾತು ವರ್ಷ ತುಂಬಿದ ದಿನ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ದನಿಯಲ್ಲಿ ಇನ್ನೊಮ್ಮೆ ಕೇಳಿಬರುತ್ತದೆ. ಒಂದೇ ಸಲ. ಬಯಲಲ್ಲಿ ಆಡಿದ್ದು ಬರುವುದಿಲ್ಲ. ಹೆಂಚು, ತಗಡು, ಚಪ್ಪರ, ಬಟ್ಟೆ, ಮೇಲೆ ಏನಾದರೊಂದು ಇದ್ದರೆ ಸಾಕು. ಕೊಡೆಯ ಬಗ್ಗೆ ಮಾತ್ರ ಚಾವಡಿಯಲ್ಲಿ ಇನ್ನೂ ತಕರಾರಿದೆ. ಆಮೇಲೆ ಸೂರು ಕಿತ್ತು ಹಾಕಿದರೂ ಮಾತು ಬಂದೇ ಬರುತ್ತದೆ. ಹಾಗಾಗಿ ನಮ್ಮ ಖಾಲಿ ಮೈದಾನಗಳಲ್ಲಿ ಹೋದ ವರ್ಷದ ಮದುವೆಗಳು ಗದ್ದಲ ಮಾಡುತ್ತಿರುತ್ತವೆ, ಮೇಯುವ ಎಮ್ಮೆಗಳು ತಲೆ ಕೂಡ ಎತ್ತುವುದಿಲ್ಲ.

ಇದಕ್ಕೆ ತಕ್ಕ ಹಾಗೆ ಜನ ಬದುಕು ಹೊಂದಿಸಿಕೊಂಡಿದ್ದಾರೆ. ಗಂಡ ಹೆಂಡತಿ ಜಗಳ ಬಂದರೆ ಅಂಗಳಕ್ಕೆ ಬರುತ್ತಾರೆ. ತಡೆಯಲಾರದೆ ಒಳಗೇ ಆಡಿಬಿಟ್ಟವರು ಮುಂದಿನ ವರ್ಷ ಆ ದಿನ ಬೆಳಗಾಗುತ್ತಲೇ ಬುತ್ತಿ ಕಟ್ಟಿಕೊಂಡು ಬೀಗರ ಮನೆಗೆ ಹೋಗುತ್ತಾರೆ. ಶಾಲೆಯಲ್ಲಿ ಹಳೇ ಪಾಠ ಮತ್ತೆ ಕೇಳಿಬರುವುದರಿಂದ ನಪಾಸಾದವರಿಗೆ ಅನುಕೂಲ. ಸತ್ತವರ ಮೊದಲ ವರ್ಷದ ದಿನ ಕೊನೆಯ ಮಾತು ಕೇಳಲು ಬಂಧು ಬಳಗ ಸೇರುತ್ತದೆ. ನಮ್ಮ ಯಜಮಾನರ ವರ್ಷಕ್ಕೆ ಮೂವತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದೆವು. "ದಾಕ್ಷಾಯಣಿ, ಸಾರಿಗೆ ಉಪ್ಪಿಲ್ಲ" ಅಂದು ಮುಗಿಸಿದರು. ನನಗೆ ಅಳು ಬಂತು, ಸಿಟ್ಟೂ ಬಂತು.

ಆ ಗದ್ದಲದಲ್ಲಿ ಬೇಕಾದ ಒಂದೇ ದನಿಯನ್ನು ಹೆಕ್ಕಿ ಕೇಳುವುದು ಎಲ್ಲರಿಗೂ ಆಗುವುದಿಲ್ಲ. ನನಗೆ ಆಗುತ್ತದೆ. ಚಿಕ್ಕಂದಿನಿಂದ ಪರರ ಮಾತು ಕೇಳುವ ಚಟ, ನಮ್ಮವ್ವ ಎಷ್ಟು ಕಿವಿ ಹಿಂಡಿದರೂ ಬಿಡಲಿಲ್ಲ. ಇದೇ ಚಟ ಹೊಟ್ಟೆಗೆ ದಾರಿಯಾಯಿತು. ಊರವರು ನನ್ನನ್ನು ಕಿವಿಗಾರ್ತಿ ದಾಕ್ಷಕ್ಕ ಅನ್ನುತ್ತಾರೆ. ಯಾರಿಗಾದರೂ ಕೊಟ್ಟ ಮಾತಿನ ಬಗ್ಗೆ ತಕರಾರಿದ್ದರೆ, ಆ ಮಾತು ಮರಳುವ ದಿನ ನಾನು ಹೋಗಿ ಕೂತು ಕೇಳುತ್ತೇನೆ. ಚಾವಡಿಯ ಹಿರಿಯರಾದ ಫಕ್ರುದ್ದೀನ್ ಮಾಸ್ತರರು ಜೊತೆಗಿರುತ್ತಾರೆ. ಎರಡು ಜೊತೆ ಕಿವಿ ಕೇಳಿದರೆ ತೀರ್ಪು. ಕಾಗದ ಪತ್ರದ ಗೋಜು ನಮ್ಮಲ್ಲಿಲ್ಲ. ಬರೆದುಕೊಡು ಅಂತ ಕೇಳಿದರೆ, ನಿನ್ನನ್ನು ನಂಬುವುದಿಲ್ಲ ಅಂತ ಮುಖಕ್ಕೆ ಹೇಳಿದಷ್ಟೇ ಅವಮಾನ.

ಹುಲಿಗೆವ್ವನ ತಕರಾರು ಶಾಮಿಯಾನದ ಗದಿಗೆಪ್ಪನ ಮೇಲೆ. ಮದುವೆ ಮುಂಜಿಗೆ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆ ಕೊಡುವವನು. ಅವನ ಹತ್ತಿರ ಎಂಟು ತಿಂಗಳು ಕೆಲಸ ಮಾಡಿದ್ದಾಳೆ. ಹರಿದ ಬಟ್ಟೆ ಹೊಲಿಯುವುದು, ಒಗೆಯುವುದು, ಸಮಾರಂಭದ ದಿನ ಏಣಿ ಹತ್ತಿ ಬಿದಿರಿಗೆ ಹಗ್ಗ ಬಿಗಿಯುವುದು. ತಿಂಗಳಿಗೆ ಮೂರು ಸಾವಿರ ಅಂತ ಮಾತಾಗಿತ್ತು. ಒಂದು ಪೈಸೆ ಕೊಟ್ಟಿರಲಿಲ್ಲ.

"ಮಾತು ಎಲ್ಲಿ ಆಗಿತ್ತು?" ಅಂತ ಕೇಳಿದೆ.

"ಅವರ ಗೋದಾಮಿನ ಹೊರಗ, ಅಂಗಳದಾಗ. ಒಳಗ ಸೆಕಿ ಭಾಳ, ಇಲ್ಲೇ ಗಾಳಿಗೆ ನಿಂತು ಮಾತಾಡೂಣು ಅಂದ್ರು. ಕೈಯಾಗ ಕೊಟ್ರ ಖರ್ಚಾಗತೈತಿ, ನನ್ನ ಕಡೆ ಇರಲಿ, ದೀಪಾವಳಿಗೆ ಒಮ್ಮೆಲೇ ತಗೋ ಅಂದ್ರು. ನನಗೂ ಖರೇ ಅನಿಸ್ತು."

"ಗೋದಾಮಿನ ಒಳಗ ಏನೂ ಅಂತಿರಲಿಲ್ಲೇನು?"

"ಅಲ್ಲಿ ಬಾಯೇ ಬಿಡ್ತಿರಲಿಲ್ಲರಿ. ಕೈ ಮಾಡಿ ತೋರಿಸ್ತಿದ್ರು. ಪಾಪ, ಗಂಟಲಾಗ ಏನೋ ತೊಂದರಿ ಐತಿ ಅಂತ ತಿಳಕೊಂಡಿದ್ದೆ."

ನಕ್ಕೆ, ಆಮೇಲೆ ಯಾಕಾದರೂ ನಕ್ಕೆನೋ ಅನ್ನಿಸಿತು. ಒಂದು ದಿನ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಳಂತೆ. ಸರಕಾರಿ ಆಸ್ಪತ್ರೆಯಲ್ಲಿ ಮೂರು ವಾರ, ತಂಗಿಯ ಮನೆಯಲ್ಲಿ ಮೂರು ತಿಂಗಳು ಮಲಗಿದ್ದಳು. ಎದ್ದು ಓಡಾಡುವ ಹಾಗಾದ ಮೇಲೆ ಪಗಾರ ಕೇಳಲು ಹೋದರೆ ಗದಿಗೆಪ್ಪ ಬರುವ ವಾರ ಬಾ ಅಂದ. ಬರುವ ವಾರ ಹೋದರೆ ಅದರ ಮುಂದಿನ ವಾರ. ಹೀಗೆ ಹತ್ತಿರ ಹತ್ತಿರ ಎಂಟು ತಿಂಗಳು ಅಲೆಸಿದ. ಕೊನೆಗೆ ಹೋದ ಸೋಮವಾರ, "ನೀ ಯಾರು? ನಾಲ್ಕು ಸಲ ಊಟಕ್ಕ ಬಂದಿದ್ದಿ, ಉಂಡು ಹೋಗೀದಿ" ಅಂದುಬಿಟ್ಟ. ಆ ಮಾತನ್ನೂ ಬಿಸಿಲಲ್ಲಿ ನಿಂತೇ ಅಂದ.

ಅವನ ಲೆಕ್ಕ ನನಗೆ ಆಗ ಅರ್ಥವಾಯಿತು. ಬರುವ ವಾರ, ಬರುವ ವಾರ ಅನ್ನುತ್ತಾ ಅವನು ಹೋದ ವರ್ಷದ ಮಾತುಗಳು ಒಂದೊಂದಾಗಿ ಬಂದು ಕರಗಿಹೋಗುವುದನ್ನು ಕಾಯುತ್ತಿದ್ದ. ಹುಲಿಗೆವ್ವ ಅವನ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದಾಗ, ಅವನು ಅವಳಿಗೆ ಕೆಲಸ ಹೇಳಿದ ಮಾತುಗಳು ಊರ ಮೈದಾನಗಳಲ್ಲಿ ಕೇಳುವವರಿಲ್ಲದೆ ಮುಗಿಯುತ್ತಿದ್ದವು.

"ನೀ ಬಿದ್ದು ವರ್ಷ ತುಂಬಾಕ ಎಷ್ಟು ದಿನ ಐತಿ?"

"ಹನ್ನೊಂದು ದಿನ ಉಳದಾವ್ರಿ."

ಹೋದ ವರ್ಷ ಇದೇ ಹನ್ನೊಂದು ದಿನದಲ್ಲಿ ಐದು ಸಮಾರಂಭಗಳಿಗೆ ಅವಳು ಕೆಲಸಕ್ಕೆ ಹೋಗಿದ್ದಳು. ದಿನ, ಜಾಗ, ಊಟಕ್ಕೆ ಏನು ಮಾಡಿದ್ದರು ಎಲ್ಲ ಬಾಯಿಪಾಠ. ಆದರೆ ಚಾವಡಿಗೆ ಅವಳ ನೆನಪು ಬೇಡ. ಧಣಿಯ ದನಿ ಬೇಕು, ಆ ದನಿಯಲ್ಲಿ ಆಳಿನ ಹೆಸರು ಬೇಕು, ಎಷ್ಟು ದಿನದ ಕೆಲಸ ಅನ್ನುವುದಕ್ಕೆ ಒಂದು ಮಾತು ಬೇಕು. ಜೊತೆಗೆ ಕೆಲಸ ಮಾಡಿದ, ಕಂಬ ನೆಡುವವರು ಇಬ್ಬರಿದ್ದರು, ಅವರು ಇವತ್ತಿಗೂ ಗದಿಗೆಪ್ಪನ ಅನ್ನ ತಿನ್ನುವವರು. ಕೇಳಿದರೆ ಆಕಾಶ ನೋಡುತ್ತಾರೆ.

ಅವಳಿಗೆ ಈ ದುಡ್ಡು ಯಾಕೆ ಇಷ್ಟು ಜರೂರು ಅಂತಲೂ ಹೇಳಿಬಿಡುತ್ತೇನೆ. ತಂಗಿಯ ಗಂಡ ಮೊದಮೊದಲು ಮಾತಾಡಿಸುತ್ತಿದ್ದ, ಈಗ ಅವಳ ತಟ್ಟೆ ನೋಡುತ್ತಾನೆ. ಹಿಟ್ಟಿನ ಗಿರಣಿಯ ಹಿಂದೆ ಒಂದು ಖೋಲಿ ಖಾಲಿ ಇದೆ. ಹದಿನೈದು ಸಾವಿರ ಅಡ್ವಾನ್ಸ್ ಕೊಟ್ಟರೆ ಈ ಅಮಾವಾಸ್ಯೆಗೆ ಕೀಲಿ ಕೊಡುತ್ತೇನೆ, ಇಲ್ಲದಿದ್ದರೆ ಬೇರೆಯವರಿಗೆ ಅಂತ ಗಿರಣಿಯವನು ಹೇಳಿದ್ದ. "ಒಬ್ಬಾಕಿನ ಕುಂತು ಉಣ್ಣಾಕ ಒಂದು ಮೂಲಿ ಬೇಕ್ರಿ" ಅಂದಳು. ಅಷ್ಟೇ ಅವಳ ಆಸೆ.

ಮೊದಲ ದಿನ ಶಾಲೆಯ ಮೈದಾನಕ್ಕೆ ಹೋದೆವು. ಹೋದ ವರ್ಷ ಅಲ್ಲಿ ನಾಮಕರಣ. ಮಾಸ್ತರರು ತಮ್ಮ ಮಡಿಚುವ ಕುರ್ಚಿ ಹೊತ್ತು ಬಂದಿದ್ದರು. ಹತ್ತೂವರೆಗೆ ಶುರುವಾಯಿತು. ಮಗು ಅಳುವ ಸದ್ದಿಲ್ಲ, ಅಳು ಮಾತಲ್ಲವಲ್ಲ, ಅದು ಬರುವುದಿಲ್ಲ. ಅದನ್ನು ರಮಿಸುವ ಹತ್ತು ಹೆಂಗಸರ ಮಾತು ಮಾತ್ರ. ಯಾರೋ ಹೋಳಿಗೆ ಗಟ್ಟಿ ಅಂದರು, ಯಾರೋ ಬಾಣಂತಿ ಸೊರಗಿದ್ದಾಳೆ ಅಂದರು. ನನಗೆ ಅದೆಲ್ಲ ಬೇಕಿರಲಿಲ್ಲ, ಆದರೂ ಕೇಳಿದೆ. ಅದರ ನಡುವೆ ಗದಿಗೆಪ್ಪನ ಗಡಸು ದನಿ. "ಏ ಇವಳೇ, ಆ ಮೂಲಿ ಬಿಗಿ! ಏ, ನಿನಗ ಹೇಳಿದ್ದು!"

ಮಾಸ್ತರರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಊಟ ಮುಗಿಯುವವರೆಗೂ ಇವಳೇ, ಏಯ್, ನೀನೇ. ಹೆಸರಿಲ್ಲ.

ಇದು ನಮ್ಮೂರಿನ ಕೆಲವು ಧಣಿಗಳ ಅಭ್ಯಾಸ. ಹೆಸರು ಹಿಡಿದು ಕರೆದರೆ ಸಾಕ್ಷಿ ಉಳಿಯುತ್ತದೆ ಅಂತ ಆಳುಗಳನ್ನು ಹೆಸರಿಲ್ಲದೆ ಕರೆಯುತ್ತಾರೆ. ಹಾಗೆ ಕರೆದೂ ಕರೆದೂ ಕೆಲವರಿಗೆ ನಿಜಕ್ಕೂ ಹೆಸರು ಮರೆತುಹೋಗಿರುತ್ತದೆ.

ಎರಡನೆಯ ಸಮಾರಂಭ ಸಂತೆ ಬಯಲಿನ ಮದುವೆ. ಅಲ್ಲಿ ಹೊಸ ಉಪಾಯ ಹೊಳೆಯಿತು. ಅವನು ಹೆಸರು ಕರೆಯದಿದ್ದರೇನು, ಇವಳು ಉತ್ತರ ಕೊಟ್ಟಿರಬೇಕಲ್ಲ? ಅವನ ದನಿಯ ಬೆನ್ನಿಗೇ ಇವಳ ದನಿ ಸಿಕ್ಕರೆ ಮಾಸ್ತರರು ಒಪ್ಪಬಹುದು. ಕಿವಿ ಚುರುಕು ಮಾಡಿ ಕೂತೆ. "ಏ ಇವಳೇ, ಹಗ್ಗ ಸಡ್ಲ ಐತಿ!" ಅದರ ಹಿಂದೆಯೇ, "ಹೂಂ."

"ಬಾಯಿ ಬಿಟ್ಟು ಮಾತಾಡಿಲ್ಲೇನ ನೀ?" ಅಂತ ಹುಲಿಗೆವ್ವನನ್ನು ಕೇಳಿದೆ.

"ಬಾಯಾಗ ಸುತಲಿ ಹುರಿ ಕಚ್ಚಿಕೊಂಡಿರತೇನ್ರಿ. ಏಣಿ ಮ್ಯಾಲ ಎರಡೂ ಕೈಯಾಗ ಹಗ್ಗ. ಸುತಲಿ ಎಲ್ಲಿ ಇಡಲಿ?"

ಆ ಹೂಂ ಇವಳದೇ ಅಂತ ತೋರಿಸೋಣವೆಂದು ಮಾಸ್ತರರ ಎದುರು ಅವಳಿಂದ ನಾಲ್ಕು ಸಲ ಹೂಂ ಅನ್ನಿಸಿದೆ. ಸುತಲಿ ಕಚ್ಚಿ ಒಂದು ಸಲ, ಬಿಟ್ಟು ಒಂದು ಸಲ. ಮಾಸ್ತರರು ಎಲ್ಲ ಗಮನವಿಟ್ಟು ಕೇಳಿ, "ಹೂಂ" ಅಂದರು. ಅದೂ ಹಾಗೇ ಇತ್ತು. ಮೂವರೂ ನಕ್ಕುಬಿಟ್ಟೆವು. ನಗುವುದೆಲ್ಲ ಮುಗಿದ ಮೇಲೆ ಮಾಸ್ತರರು, "ಇಲ್ಲ ದಾಕ್ಷಾಯಣಿ. ಹೂಂ ಯಾರದರೆ ಇರಬಹುದು" ಅಂದು ಕುರ್ಚಿ ಮಡಿಚಿದರು.

ಮೂರನೆಯದರಲ್ಲಿ ಇವಳೇ. ನಾಲ್ಕನೆಯದರಲ್ಲಿ ಏಯ್. ಹಳೇ ಬೀಗರ ಊಟಗಳನ್ನು ಖಾಲಿ ಹೊಟ್ಟೆಯಲ್ಲಿ ಕೂತು ಕೇಳಿ ನನಗೆ ಪಿತ್ತ ಕೆದರಿತು. ಹುಲಿಗೆವ್ವ ಮಾತ್ರ ಪ್ರತಿ ಸಲವೂ ಎಲ್ಲಿ ಯಾವ ಕಂಬ ಇತ್ತು, ಯಾವ ಮೂಲೆ ಹರಿದಿತ್ತು ಅಂತ ಮೈದಾನದಲ್ಲಿ ಕುಂಟುತ್ತಾ ತೋರಿಸುತ್ತಿದ್ದಳು. ಆ ಹರಕನ್ನು ಎಷ್ಟು ಚೆಂದ ಹೊಲಿದಿದ್ದೆ ಅಂತ ಹೇಳುವಾಗ ಪಗಾರ ಕೊಡದವನ ಬಟ್ಟೆ ಅನ್ನುವುದೇ ಮರೆತುಹೋಗುತ್ತಿತ್ತು. ಅವಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆಗಲೇ.

ಉಳಿದದ್ದು ಹನ್ನೊಂದನೆಯ ದಿನ. ಮುಚ್ಚಿದ ಹತ್ತಿ ಗಿರಣಿಯ ಮುಂದಿನ ಬಯಲಿನಲ್ಲಿ ಒಂದು ನಿಶ್ಚಿತಾರ್ಥ. ಅವಳು ಬಿದ್ದ ದಿನ ಅದೇ. ಆವತ್ತು ಏನೇನಾಯಿತು ಅಂತ ಕೇಳಿದರೆ, "ಹತ್ತಿದ್ದು ನೆನಪೈತ್ರಿ, ಇಳಿದದ್ದು ನೆನಪಿಲ್ಲ. ಕಣ್ಣು ಬಿಟ್ಟಾಗ ದವಾಖಾನಿ" ಅಂದಳು. ಹತ್ತಿದ ಕೂಡಲೇ ಬಿದ್ದಿದ್ದರೆ ಅವನು ಇವಳೇ ಅಂತ ಕೂಗಲಿಕ್ಕೂ ಹೊತ್ತಿರುತ್ತಿರಲಿಲ್ಲ. ನನಗೆ ಆಸೆ ಉಳಿದಿರಲಿಲ್ಲ. ಆದರೂ ಪದ್ಧತಿಯ ಪ್ರಕಾರ ಗದಿಗೆಪ್ಪನಿಗೆ ನಾಳೆ ಇಂಥ ಕಡೆ ಕೇಳುತ್ತೇವೆ ಅಂತ ಹೇಳಿ ಕಳಿಸಿದೆ. ನಾಲ್ಕು ಸಲ ಹೀಗೆ ಹೇಳಿ ಕಳಿಸಿದಾಗಲೂ ನಕ್ಕು ಸುಮ್ಮನಾಗಿದ್ದವನು ಈ ಸಲ ಒಂದು ತಾಸಿನೊಳಗೆ ನಮ್ಮ ಮನೆ ಮುಂದೆ ಬಂದು ನಿಂತ.

ಮಟಮಟ ಮಧ್ಯಾಹ್ನ. ಅಂಗಳದಲ್ಲಿ ಬರಿಗಾಲು ಇಡಲಾಗದ ಬಿಸಿಲು. ಪಡಸಾಲೆಗೆ ಬನ್ನಿ ಅಂದೆ. ಬರಲಿಲ್ಲ. ಸೂರಿನ ನೆರಳು ಅವನ ಚಪ್ಪಲಿಯ ತುದಿ ಮುಟ್ಟುತ್ತಿದೆ ಅಂತ ಕಂಡು ಒಂದು ಹೆಜ್ಜೆ ಹಿಂದೆ ಸರಿದ.

"ದಾಕ್ಷಕ್ಕ, ನಾನೂ ಮಕ್ಕಳು ಮರಿ ಇದ್ದಾಂವ. ಆಕಿ ಬಡವಿ ಅದಾಳ. ಹನ್ನೆರಡು ಸಾವಿರ ಕೊಡತೇನಿ, ಪುಣ್ಯಕ್ಕ ಕೊಟ್ಟೆ ಅಂತ ತಿಳಕೋರಿ. ಇವತ್ತ ಸಂಜಿಗೆ ಕೊಡತೇನಿ. ನಾಳೆ ಆ ಬಯಲಿಗೆ ಮಾತ್ರ ಹೋಗಬ್ಯಾಡ್ರಿ."

"ಯಾಕ?"

"ಬಿಸಲು ಭಾಳ ಐತ್ರಿ" ಅಂದ, ಬೆವರು ಒರೆಸಿಕೊಳ್ಳುತ್ತಾ.

ಅವನು ಹೋದ ಮೇಲೆ ನಾನು ಒಳಗೆ ಕೂತು ಯೋಚಿಸಿದೆ. ಹನ್ನೆರಡು ಸಾವಿರ ಕೈಗೆ ಬಂದ ದುಡ್ಡು. ಹಿಟ್ಟಿನ ಗಿರಣಿಯವನ ಕೈಕಾಲು ಹಿಡಿದರೆ ಉಳಿದ ಮೂರು ಸಾವಿರಕ್ಕೆ ಸ್ವಲ್ಪ ಕಾಯಲು ಒಪ್ಪಿಯಾನು. ನಾಳೆ ಬಯಲಿನಲ್ಲಿ ಹೆಸರು ಬಾರದಿದ್ದರೆ ಇದೂ ಇಲ್ಲ, ಖೋಲಿಯೂ ಇಲ್ಲ. ಬುದ್ಧಿ ಇದ್ದವರು ಹನ್ನೆರಡು ತಗೊಳ್ಳಿ ಅನ್ನಬೇಕು. ಆದರೆ ನನ್ನ ಕಿವಿ ಆಗಲೇ ಆ ಬಯಲಿಗೆ ಹೋಗಿ ಕೂತಿತ್ತು. ಅವನು ಏನಂದಿದ್ದ? ತಿಳಿಯದಿದ್ದರೆ ನನಗೆ ಊಟ ಸೇರುವುದಿಲ್ಲ. ಪರರ ಮನೆಯ ಅನ್ನದ ಪ್ರಶ್ನೆ ಇರುವಾಗ ನನ್ನ ಚಟ ಇಷ್ಟು ದೊಡ್ಡದಾಯಿತೇ ಅಂತ ನನ್ನ ಮೇಲೆ ನನಗೇ ಅಸಹ್ಯವಾಯಿತು. ಎದ್ದು ಹುಲಿಗೆವ್ವನ ತಂಗಿಯ ಮನೆಗೆ ಹೋಗಿ, ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ.

"ನೀವಾಗಿದ್ರ ಏನ್ ಮಾಡ್ತಿದ್ರಿ ಅಕ್ಕಾರ?"

"ನನ್ನ ಕೇಳಬ್ಯಾಡವ್ವಾ. ನನಗ ಕೇಳೂ ಹುಚ್ಚೈತಿ. ನಿನ್ನ ಲಾಭ ನಷ್ಟ ನನ್ನ ಕಣ್ಣಿಗೆ ಕಾಣವಲ್ದು."

ಅವಳು ಸೆರಗಿನ ಅಂಚಿನ ದಾರ ಎಳೆದಳು. ಒಳಗೆ ತಂಗಿಯ ಗಂಡ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು. ಅವಳು ಆ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಅಂವ ಬಿಸಲಾಗ ನಿಂತು ಹನ್ನೆರಡು ಸಾವಿರ ಅಂದಾನಂದ್ರ, ನೆರಳಾಗ ಅದಕ್ಕಿಂತ ದೊಡ್ಡದು ಏನೋ ಅಂದಾನ್ರಿ. ನಡೀರಿ, ಕೇಳೇ ಬಿಡೂಣು. ನಾ ಬಿದ್ದದ್ದು ನನಗೂ ಗೊತ್ತಾಗಬೇಕಲ್ಲ."

ಮರುದಿನ ಹತ್ತಿ ಗಿರಣಿಯ ಬಯಲಿನಲ್ಲಿ ನಾವು ನಾಲ್ವರು. ಗದಿಗೆಪ್ಪ ಬಂದಿದ್ದ, ಬಾರದೆ ಇರಲಾಗಲಿಲ್ಲ ಅನ್ನಿಸುತ್ತದೆ. ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಮಾಸ್ತರರು ಕುರ್ಚಿ ಬಿಡಿಸಿ ಕೂತು ಗಡಿಯಾರ ನೋಡಿದರು. ಹನ್ನೊಂದಕ್ಕೆ ಸರಿಯಾಗಿ ನಿಶ್ಚಿತಾರ್ಥ ಶುರುವಾಯಿತು. ಪುರೋಹಿತರ ಮಂತ್ರ, ಬೀಗರ ಉಪಚಾರ, ಸೀರೆ ಹಗುರ ಅಂತ ಯಾರೋ ಮೂಗು ಮುರಿದದ್ದು. ಮೂಡಣ ದಿಕ್ಕಿನಿಂದ ಗದಿಗೆಪ್ಪನ ದನಿ, "ಏ ಇವಳೇ, ಗಾಳಿಗೆ ಮೂಲಿ ಹಾರಾಕತ್ತೈತಿ, ಹತ್ತು ಹತ್ತು!" ಅದರ ಹಿಂದೆ ಆ ನಮ್ಮ ಹೂಂ.

ಹುಲಿಗೆವ್ವ ಆ ಜಾಗಕ್ಕೆ ಹೋಗಿ ನಿಂತಳು. ಆವತ್ತಿನ ಏಣಿ ಇದ್ದ ಜಾಗ.

ಬಿದ್ದ ಸದ್ದು ಬರಲಿಲ್ಲ, ಬರುವುದಿಲ್ಲವಲ್ಲ. ಒಮ್ಮೆಲೇ ಹೆಂಗಸರು ಕೂಗಿದರು. "ಅಯ್ಯೋ ಬಿದ್ದಳು! ನೀರು ತರ್ರಿ! ಉಸಿರಿಲ್ಲ ನೋಡ್ರಿ, ಹೋದಳು!" ಇಪ್ಪತ್ತು ಬಾಯಿ ಒಟ್ಟಿಗೆ. ನಾನು ಕಣ್ಣು ಮುಚ್ಚಿ ಒಂದೊಂದೇ ದನಿಯನ್ನು ಪಕ್ಕಕ್ಕೆ ಸರಿಸಿದೆ. ಆಗ ಅದು ಕೇಳಿಸಿತು. ಮೊದಲು ಅವನದೇ ಅಂತ ಗುರುತು ಹತ್ತಲಿಲ್ಲ, ಅಷ್ಟು ಸಣ್ಣದಾಗಿತ್ತು. ಸುತ್ತಲಿನವರು ಸುಮ್ಮನಾದಂತೆ ಅದೊಂದೇ ಉಳಿಯಿತು. ಮಾಸ್ತರರಿಗೂ ಕೇಳಿಸಿತು, ಅವರು ಕುರ್ಚಿಯಿಂದ ಎದ್ದು ನಿಂತರು.

"ಹುಲಿಗೆವ್ವಾ! ಏ ಹುಲಿಗೆವ್ವಾ! ಕಣ್ಣು ತೆರಿಯವ್ವಾ, ನಿನ್ನ ಕಾಲಿಗೆ ಬೀಳತೇನಿ. ನನ್ನ ತಲಿಮ್ಯಾಲ ಹಾಕಿ ಹೋಗಬ್ಯಾಡ. ಎಂಟು ತಿಂಗಳದ್ದು ಪಗಾರ ಎಲ್ಲಾ ಕೊಡತೇನಿ, ಒಂದು ರೂಪಾಯಿ ಇಟಗೊಳ್ಳೂದಿಲ್ಲ. ದೇವರಾಣಿ. ಕಣ್ಣೊಂದು ತೆರಿ ನಮ್ಮವ್ವಾ, ಕಣ್ಣೊಂದು ತೆರಿ."

ಹೆಸರು ಅವನಿಗೆ ಗೊತ್ತಿತ್ತು. ಎಂಟು ತಿಂಗಳೂ ಗೊತ್ತಿತ್ತು. ಪಾಪ, ಅವನೂ ಮನುಷ್ಯನೇ ಅಂತ ಒಂದು ಗಳಿಗೆ ಅನ್ನಿಸಿತು. ಆ ಗಳಿಗೆ ಮುಗಿಯುವಷ್ಟರಲ್ಲಿ ಯಾರೋ ಗಂಡಸು, "ಇಲ್ಲ ಇಲ್ಲ, ಉಸಿರೈತ್ರಿ, ನಾಡಿ ಆಡಾಕತ್ತೈತಿ, ಉಳಿತಾಳ" ಅಂದ. ಆಮೇಲೆ ಗದಿಗೆಪ್ಪನ ದನಿ ಮತ್ತೆ ಬಂತು, ಈಗ ಎಂದಿನ ಗಡಸಿನಲ್ಲಿ.

"ಉಳಿತಾಳಲ್ಲ? ಹಂಗಾರ ಕೇಳ್ರಿಲ್ಲಿ. ನಾ ಈಗ ಅಂದದ್ದು ಯಾರೂ ಆಕಿ ಕಿವಿಗೆ ಹಾಕಬ್ಯಾಡ್ರಿ. ಗಾಡಿ ತರಸ್ರಿ, ಸಾಗಸ್ರಿ ಈಕಿನ್ನ."

ಆಮೇಲೆ ಊಟಕ್ಕೆ ಎಲೆ ಹಾಕುವ ಮಾತು ಶುರುವಾಯಿತು. ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಗದಿಗೆಪ್ಪ ಹತ್ತಿರ ಬಂದ. ಮುಖದಲ್ಲಿ ರಕ್ತವಿರಲಿಲ್ಲ, ಆದರೆ ಬಾಯಿ ಇನ್ನೂ ಚುರುಕಾಗಿತ್ತು. "ಮಾಸ್ತರ, ಅದು ಗಾಬರಿ ಮಾತು. ಹೆದರಿದಾಗ ಮನಷ್ಯಾ ಏನರೆ ಅಂತಾನ. ಅದನ್ನ ಕರಾರು ಅಂತ ಹಿಡಿಯೂದು ನ್ಯಾಯ ಅಲ್ಲ. ಹಂಗ ನೋಡಿದ್ರ ನಾ ಸುಮ್ಮನೆ ಕೊಡತೇನಿ ಅಂದಿಲ್ಲ, ಕಣ್ಣು ತೆರಿ ಅಂತ ಷರತ್ತು ಹಾಕೇನಿ."

ಮಾಸ್ತರರು ಉತ್ತರ ಕೊಡುವ ಮೊದಲೇ ಹುಲಿಗೆವ್ವ ಕುಂಟುತ್ತಾ ಬಂದು ಅವನ ಎದುರು ನಿಂತಳು. ಇಷ್ಟು ದಿನದಲ್ಲಿ ಅವನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

"ತೆರದೆನಲ್ಲ ಅಣ್ಣಾ," ಅಂದಳು. "ತೆರದು ವರ್ಷ ಆತು."

ಗದಿಗೆಪ್ಪ ಅವಳನ್ನು ನೋಡುತ್ತಾ ನಿಂತ. ಕಡೆಗೆ ಕಣ್ಣು ತಪ್ಪಿಸಿದವನು ಅವನೇ. "ಇಬ್ಬರೂ ಕೇಳೇವಿ, ಪೂರಾ ಪಗಾರ ಕೊಡಬೇಕು" ಅಂದು ಮಾಸ್ತರರು ಕುರ್ಚಿ ಮಡಿಚಿದರು. ಇಪ್ಪತ್ನಾಲ್ಕು ಸಾವಿರ ಅಂದೇ ಸಂಜೆ ಚಾವಡಿಗೆ ಬಂತು.